ನಿಕೋಡೆಮಸ್ ಎಂಬ ಊರು

ಮಾನ್ಯ ಸಂಪಾದಕರೇ,

ಅಮೆರಿಕದ ಸುದ್ದಿಯೆಂದರೆ ನಮ್ಮಲ್ಲಿ ಮಹಾನಗರಗಳದ್ದೇ. ಅಲ್ಲಿನ ಹಳ್ಳಿಗಳ ಬಗ್ಗೆ ಬರೆಯುವವರು ವಿರಳ. ಕಾನ್ಸಾಸ್ ರಾಜ್ಯದ ನಿಕೋಡೆಮಸ್ ಅಂಥದೊಂದು ಊರು. ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕಪ್ಪು ಜನರು ಕೆಂಟಕಿಯಿಂದ ಬಂದು 1877ರಲ್ಲಿ ಇಲ್ಲಿ ನೆಲೆಸಿದರು. ಮರಗಳು ಅಪರೂಪವಾಗಿದ್ದ ಆ ಬಯಲಿನಲ್ಲಿ ನೆಲವನ್ನೇ ಅಗೆದು ಗೂಡಿನಂಥ ಮನೆ ಮಾಡಿಕೊಂಡಿದ್ದರು. ಮರುವರ್ಷ ಬಂದ ವಿಲ್ಲಿಯಾನಾ ಹಿಕ್‌ಮನ್ ಎಂಬ ಮಹಿಳೆ ಊರೆಲ್ಲಿ ಎಂದು ಕೇಳಿದಾಗ, ಗಂಡ ತೋರಿಸಿದ್ದು ನೆಲದೊಳಗಿಂದ ಏಳುತ್ತಿದ್ದ ಹೊಗೆಯನ್ನು. ಆಕೆ ಅತ್ತುಬಿಟ್ಟರಂತೆ. ಮೊದಲ ಚಳಿಗಾಲದಲ್ಲಿ ಇವರಿಗೆ ಮಾಂಸ ಕೊಟ್ಟು ನೆರವಾದವರು ಅಲ್ಲಿನ ಮೂಲನಿವಾಸಿಗಳಾದ ಒಸೇಜ್ ಬುಡಕಟ್ಟಿನವರು.

ಊರನ್ನು ಸೊರಗಿಸಿದ್ದು ಬರಗಾಲಕ್ಕಿಂತ ಹೆಚ್ಚಾಗಿ ರೈಲು. ಹಳಿ ಬರಲೆಂದು 1887ರಲ್ಲಿ 16,000 ಡಾಲರ್ ಬಾಂಡಿಗೆ, ಅಂದರೆ ಸಾಲಪತ್ರಕ್ಕೆ, ಜನ ಒಪ್ಪಿ ಮತ ಹಾಕಿದರೂ, 1888ರಲ್ಲಿ ಮಾರ್ಗವು ಊರನ್ನು ಬಿಟ್ಟು ಸಾಲೊಮನ್ ನದಿಯ ದಕ್ಷಿಣಕ್ಕೆ ಹೋಯಿತು. ವ್ಯಾಪಾರಿಗಳು ಅಂಗಡಿ ಎತ್ತಿಕೊಂಡು ಅದರ ಹಿಂದೆಯೇ ನಡೆದರು. ಅಂಚೆ ಕಚೇರಿ 1953ರಲ್ಲಿ ಮುಚ್ಚಿತು. 1996ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣದ ಮಾನ್ಯತೆ ಸಿಕ್ಕಿತಾದರೂ, 2020ರ ಜನಗಣತಿಯಲ್ಲಿ ಅಲ್ಲಿದ್ದವರು ಕೇವಲ 14 ಮಂದಿ. ಆದರೆ ಪ್ರತಿ ಜುಲೈ ಕೊನೆಯಲ್ಲಿ ವಿಮೋಚನೆಯ ಹಬ್ಬಕ್ಕೆ ವಂಶಸ್ಥರು ದೂರದೂರದಿಂದ ಬರುತ್ತಾರೆ. ನಮ್ಮೂರ ಜಾತ್ರೆಗೆ ಬೆಂಗಳೂರಿನವರು ಬಂದಿಳಿದಂತೆ.

ಇಂತಿ,
ಓರ್ವ ಓದುಗ, ಧಾರವಾಡ