ಸೊನ್ನೆ ಮಾಡುವ ಮುಂಚೆ

ಜಯನಗರ, ಬೆಂಗಳೂರು

ಚಿ. ಅನಘಾಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಉಪಗ್ರಹದ ಮಾಹಿತಿಯನ್ನು ಹವಾಮಾನ ಮುನ್ಸೂಚನೆಗೆ ಸೇರಿಸುವ ಕೆಲಸಕ್ಕೆ ನೀನು ಸೇರಿಕೊಂಡೆ ಅಂತ ನಿಮ್ಮಮ್ಮ ಹೇಳಿದಳು. ನನ್ನ ಉದ್ಯೋಗವೂ ಅದೇ ಆಗಿತ್ತು, ಹಾಗಾಗಿ ತುಂಬ ಖುಷಿಯಾಯಿತು. ಒಂದು ಮಾತು ಹೇಳಬೇಕು, ಕೇಳು.

ನಮ್ಮ ಹವಾಮಾನ ಉಪಗ್ರಹ ಇನ್ಸಾಟ್-3ಡಿಎಸ್ ಆಗಲಿ ಮತ್ತೊಂದಾಗಲಿ, ಗಾಳಿಯ ತಾಪವನ್ನು ನೇರವಾಗಿ ಅಳೆಯುವುದಿಲ್ಲ. ಅದಕ್ಕೆ ಸಿಗುವುದು ವಿಕಿರಣ ಮಾತ್ರ. ಅದನ್ನು ಚಾನೆಲ್‌ಗಳಲ್ಲಿ, ಅಂದರೆ ತರಂಗಾಂತರದ ಬೇರೆ ಬೇರೆ ಪಟ್ಟಿಗಳಲ್ಲಿ, ಅಳೆಯುತ್ತದೆ. 15 ಮೈಕ್ರಾನ್ ತರಂಗಾಂತರದ ಸುತ್ತ ಇಂಗಾಲದ ಡೈಆಕ್ಸೈಡ್ ಬಲವಾಗಿ ಹೀರುವ ಚಾನೆಲ್‌ಗೆ ಮೇಲಿನ ಪದರವಷ್ಟೇ ಕಾಣುತ್ತದೆ. ಹೀರಿಕೆ ಕಡಿಮೆಯಿರುವ ಚಾನೆಲ್ ಕೆಳಗಿನವರೆಗೂ ಇಣುಕುತ್ತದೆ. ಇದರಿಂದ ಎತ್ತರೆತ್ತರದ ತಾಪವನ್ನು ಲೆಕ್ಕ ಹಾಕಬಹುದೆಂದು ಹವಾಮಾನ ವಿಜ್ಞಾನಿ ಲೂಯಿಸ್ ಕಪ್ಲಾನ್ 1959ರಲ್ಲಿ ಬರೆದರು, 1969ರಲ್ಲಿ ನಿಂಬಸ್-3 ಉಪಗ್ರಹ ಮಾಡಿ ತೋರಿಸಿತು.

ಈಗ ನೀವು ಉಲ್ಟಾ ದಾರಿ ಹಿಡಿಯುತ್ತೀರಿ. ಮುನ್ಸೂಚನೆಯ ಕಂಪ್ಯೂಟರ್ ಮಾದರಿಯ ತಾಪ, ತೇವಾಂಶಗಳನ್ನು ವಿಕಿರಣದ ಲೆಕ್ಕ ಹಾಕುವ ತಂತ್ರಾಂಶಗಳಾದ ಆರ್‌ಟಿಟಿಒವಿಗೋ ಸಿಆರ್‌ಟಿಎಂಗೋ ಕೊಟ್ಟು, ಉಪಗ್ರಹಕ್ಕೆ ಏನು ಕಾಣಬೇಕಿತ್ತು ಅಂತ ಲೆಕ್ಕ ಹಾಕಿ, ನಿಜವಾಗಿ ಕಂಡದ್ದರ ಜೊತೆ ಹೋಲಿಸುತ್ತೀರಿ. ಒಂದಿಷ್ಟು ವ್ಯತ್ಯಾಸ ಉಳಿಯುತ್ತದಲ್ಲ, ಅದನ್ನು ಅವಸರದಲ್ಲಿ ಅಳಿಸಬೇಡ.

ಆ ವ್ಯತ್ಯಾಸ ಯಾರದ್ದು? ಉಪಕರಣದ್ದಿರಬಹುದು, ಮುನ್ಸೂಚನೆಯದ್ದಿರಬಹುದು, ವಿಕಿರಣದ ಲೆಕ್ಕದ್ದೇ ಇರಬಹುದು. ಗೊತ್ತಾಗದೆ ಉಳಿದ ತೆಳು ಮೋಡವೂ ಇರಬಹುದು. ಉಪಗ್ರಹದ ಅಳತೆಯಿಂದ ಸರಾಸರಿ ವ್ಯತ್ಯಾಸವನ್ನು ಕಳೆಯುವ ಬಯಾಸ್ ಕರೆಕ್ಷನ್‌ಗೆ ಈ ಭೇದ ತಿಳಿಯದು. ಮಾದರಿಯೇ ಬೆಚ್ಚಗಿದ್ದರೂ ಉಪಗ್ರಹವೇ ತಪ್ಪೆಂದು ದಿನದಿನಕ್ಕೂ ತಿದ್ದುತ್ತಾ ಹೋಗುತ್ತದೆ, ಗ್ರಾಫ್ ಸೊನ್ನೆಗೆ ಬಂದು ಕೂರುತ್ತದೆ, ಮೀಟಿಂಗಿನಲ್ಲಿ ಎಲ್ಲರಿಗೂ ಸಮಾಧಾನ. ಮಾದರಿಯ ತಪ್ಪು ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೇ ಜಿಪಿಎಸ್ ರೇಡಿಯೋ ಆಕಲ್ಟೇಷನ್ ಮಾಹಿತಿಯನ್ನು, ಅಂದರೆ ಜಿಪಿಎಸ್ ಸಂಕೇತ ವಾತಾವರಣದಲ್ಲಿ ಎಷ್ಟು ಬಾಗಿತು ಎಂಬ ಅಳತೆಯನ್ನು, ಇಂಥ ತಿದ್ದುಪಡಿಯಿಲ್ಲದೆ ಸೇರಿಸುತ್ತಾರೆ. ಉಳಿದದ್ದನ್ನು ಸರಿದಾರಿಯಲ್ಲಿ ಹಿಡಿದಿಡಲು ಅದು ಬೇಕು.

ನೆಲದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ನಮ್ಮವರು ಬಹಳ ಜನ ಸಮುದ್ರದ ಮೇಲಿನ ಮಾಹಿತಿಯನ್ನೇ ನೆಚ್ಚಿಕೊಂಡದ್ದಕ್ಕೆ ಕಾರಣವಿದೆ: ಮೈಕ್ರೋವೇವ್‌ನಲ್ಲಿ ಸಮುದ್ರ ಕಡಿಮೆ ಹೊರಸೂಸುತ್ತದೆ, ಅದರ ಎದುರು ವಾತಾವರಣ ಎದ್ದು ಕಾಣುತ್ತದೆ. ಒಣನೆಲ ಹಾಗಲ್ಲ, ತಾನೇ ಜೋರಾಗಿ ಹೊರಸೂಸುತ್ತದೆ. ಏಪ್ರಿಲ್‌ನಲ್ಲಿ ಕೋಲಾರದ ಕಡೆ ಒಂದು ಜೋರು ಮಳೆ ಬಿದ್ದು ಕೆಮ್ಮಣ್ಣು ನೆನೆಯಿತು ಅಂತಿಟ್ಟುಕೋ. ಹೊರಸೂಸುವಿಕೆ ತಗ್ಗಿ ಕೆಳ ಆವರ್ತನದ ಚಾನೆಲ್‌ಗಳ ಬ್ರೈಟ್‌ನೆಸ್ ಟೆಂಪರೇಚರ್ (ಕಂಡ ವಿಕಿರಣವನ್ನು ತಾಪವಾಗಿ ಹೇಳುವ ಅಳತೆ) ಇಳಿಯುತ್ತದೆ. ಲೆಕ್ಕದಲ್ಲಿ ನೆಲ ಇನ್ನೂ ಒಣಗಿಯೇ ಇದ್ದರೆ, ಕೆಳಮಟ್ಟದ ಗಾಳಿಯೇ ತಣ್ಣಗಾಗಿದೆ ಅಂತ ಮಾದರಿ ತನ್ನನ್ನು ತಿದ್ದಿಕೊಳ್ಳುತ್ತದೆ. ಮಧ್ಯ ವಾತಾವರಣದ ತಾಪದ ಚಾನೆಲ್‌ಗಳಲ್ಲಿ ನೀವು ಪರದಾಡುವುದು ಒಂದು ಡಿಗ್ರಿಯ ಹತ್ತನೇ ಒಂದೆರಡು ಭಾಗಕ್ಕೆ. ನೆನೆದ ಮಣ್ಣಿನ ತಪ್ಪು ಅದಕ್ಕಿಂತ ಎಷ್ಟೋ ದೊಡ್ಡದು.

ಆದ್ದರಿಂದ ಕರೆಕ್ಷನ್ ಹಚ್ಚುವ ಮುಂಚೆ ವ್ಯತ್ಯಾಸವನ್ನು ಬಿಡಿಸಿ ನೋಡು. ಚಾನೆಲ್‌ವಾರು, ನೆಲ-ನೀರು, ಹಗಲು-ರಾತ್ರಿ, ಉಪಕರಣ ಅಡ್ಡಡ್ಡ ನೋಡುತ್ತಾ ಹೋಗುವ ಸ್ಕ್ಯಾನ್ ಕೋನದ ನಡು-ಅಂಚು. ಅಂಚಿಗೆ ಹೋದಂತೆ ಬೆಳೆದರೆ ಉಪಕರಣವನ್ನೋ ವಿಕಿರಣದ ಲೆಕ್ಕವನ್ನೋ ಮೊದಲು ಪರೀಕ್ಷಿಸು. ಮಳೆಯ ಮರುದಿನ ನೆಲದ ಮೇಲಷ್ಟೇ ಕಂಡರೆ ಮಣ್ಣನ್ನು ಅನುಮಾನಿಸು. ಹಿರಿಯರು ಅವಸರ ಮಾಡಿದರೆ ಇನ್ನೊಂದು ವಾರ ಕೇಳು. ಕೇಳುವುದಕ್ಕೆ ಸಂಕೋಚ ಬೇಡ.

ಮುಂದಿನ ಭಾನುವಾರ ಬರುವಾಗ ಕರೆಕ್ಷನ್ ಹಚ್ಚದ ನಕ್ಷೆಗಳನ್ನೂ ಲ್ಯಾಪ್‌ಟಾಪ್‌ನಲ್ಲಿ ತಾ. ಊಟ ಇಲ್ಲೇ.

ಇಂತಿ,
ನಿನ್ನ ದೊಡ್ಡಮ್ಮ