ಉತ್ತರೆ ಮಳೆಯಲ್ಲಿ ಡೇರೆ ಹೂವಿನ ಪ್ರದರ್ಶನ ನಡೆಯಲಿ

ಮಾನ್ಯ ಸಂಪಾದಕರೇ,

ಜನವರಿ ಕೊನೆಯ ವಾರ ಬಂತೆಂದರೆ ಜಿಲ್ಲಾ ಕೇಂದ್ರಗಳಲ್ಲಿ ಫಲಪುಷ್ಪ ಪ್ರದರ್ಶನದ ಸಡಗರ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯ ದಿನಕ್ಕೊಮ್ಮೆ ನಡೆಯುವ ಪ್ರದರ್ಶನವೇ ಇವಕ್ಕೆಲ್ಲ ಮಾದರಿ. ಶಿವಮೊಗ್ಗದಲ್ಲೂ ಜನ ಮಕ್ಕಳುಮರಿಗಳೊಂದಿಗೆ ಬಂದು ನೋಡಿ ಸಂತೋಷಪಡುತ್ತಾರೆ. ಅದು ಹಾಗೆಯೇ ಮುಂದುವರಿಯಲಿ. ಆದರೆ ಮಲೆನಾಡಿನವರು ಮನೆಯಂಗಳದಲ್ಲಿ ಆಸ್ಥೆಯಿಂದ ಬೆಳೆಸುವ ಡೇರೆ (ಡೇಲಿಯಾ) ಹೂವಿಗೆ ಆ ಪ್ರದರ್ಶನದಲ್ಲಿ ಜಾಗ ಸಿಗುವುದಿಲ್ಲ, ಸಿಗುವಂತೆಯೂ ಇಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಹಳ್ಳಿಗಳಲ್ಲಿ ಡೇರೆ ಅರಳುವುದು ಶ್ರಾವಣ–ಭಾದ್ರಪದದಲ್ಲಿ. ಜನವರಿಯ ಹೊತ್ತಿಗೆ ಗಿಡ ಒಣಗಿ, ಗಡ್ಡೆ ಮಣ್ಣಿನಡಿ ಮಲಗಿರುತ್ತದೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು: ಜನವರಿಯದ್ದಲ್ಲದೆ, ಸೆಪ್ಟೆಂಬರ್ ಎರಡನೆಯ ಪಕ್ಷದಲ್ಲಿ ಮೂರು ದಿನಗಳ ಡೇರೆ ಪ್ರದರ್ಶನವೊಂದನ್ನು ಗಾಂಧಿ ಪಾರ್ಕಿನಲ್ಲೋ ನಗರದ ಬೇರೆ ಸಾರ್ವಜನಿಕ ಉದ್ಯಾನದಲ್ಲೋ ತೋಟಗಾರಿಕೆ ಇಲಾಖೆ ಏರ್ಪಡಿಸಬೇಕು.

ದಿನಾಂಕದ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಇಂಥ ಪ್ರದರ್ಶನ ಸೋಲುವುದಿದ್ದರೆ ಅಲ್ಲೇ ಸೋಲುತ್ತದೆ. ಗೌರಿ ಹಬ್ಬಕ್ಕೆ ಇಡೋಣ, ದಸರಾಕ್ಕೆ ಸೇರಿಸೋಣ ಎಂಬ ಸಲಹೆ ಸಹಜವಾಗಿ ಬರುತ್ತದೆ. ಆದರೆ ಹಬ್ಬಗಳು ಚಾಂದ್ರಮಾನದವು. ಅಧಿಕ ಮಾಸ ಬಂದ ವರ್ಷ ಹಿಂದಿನ ವರ್ಷಕ್ಕಿಂತ ಸುಮಾರು ಹತ್ತೊಂಬತ್ತು ದಿನ ಮುಂದಕ್ಕೆ ಹೋಗುತ್ತವೆ. ವಿಜಯದಶಮಿ ಒಂದು ವರ್ಷ ಅಕ್ಟೋಬರ್ ಮೊದಲ ವಾರಕ್ಕೆ ಬಂದರೆ ಇನ್ನೊಂದು ವರ್ಷ ಅದೇ ತಿಂಗಳ ಕೊನೆಗೆ ಬೀಳುತ್ತದೆ. ಅಷ್ಟು ಹೊತ್ತಿಗೆ ಡೇರೆಯ ಮೊದಲ ಹೂವಿನ ಸುಗ್ಗಿ ಮುಗಿದು, ಎಲೆಗೆ ಬೂದಿ ರೋಗ ಹತ್ತಿರುತ್ತದೆ. ಮಳೆ ನಕ್ಷತ್ರಗಳು ಹಾಗಲ್ಲ, ಅವು ಸೂರ್ಯನ ಲೆಕ್ಕದವು. ಉತ್ತರೆ ಮಳೆ ಪ್ರತಿ ವರ್ಷವೂ ಸೆಪ್ಟೆಂಬರ್ 13ರ ಸುಮಾರಿಗೆ ಹುಟ್ಟಿ 26ರ ಸುಮಾರಿಗೆ ಮುಗಿಯುತ್ತದೆ. ಆಶ್ಲೇಷ, ಮಘೆಯ ಜಡಿಮಳೆ ಕಳೆದು, ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಒಂದು ಮಳೆ ಎನ್ನುವ ಹದ ಅದು. ಉತ್ತರೆಯ ಎರಡನೆಯ ವಾರವನ್ನೇ ಕಾಯಂ ಮಾಡಿದರೆ ಬೆಳೆಸುವವರಿಗೆ ವರ್ಷ ಮೊದಲೇ ಲೆಕ್ಕ ಸಿಗುತ್ತದೆ. ದಸರಾ ರಜೆ ಸಾಮಾನ್ಯವಾಗಿ ಅದರ ನಂತರ ಶುರುವಾಗುವುದರಿಂದ ಶಾಲೆಯವರು ಮಕ್ಕಳನ್ನು ಕರೆತರುವುದೂ ಸುಲಭ.

ದಿನ ಗೊತ್ತಾದರೆ ಅಲ್ಲಿಂದ ಹಿಂದಕ್ಕೆ ಎಣಿಸಬಹುದು. ಗಡ್ಡೆ ನೆಟ್ಟು ಹೂ ನೋಡಲು, ಜಾತಿಯನ್ನು ನೋಡಿಕೊಂಡು, 80ರಿಂದ 110 ದಿನ ಬೇಕು. ಕುಡಿ ಚಿವುಟಿದರೆ ಎರಡು ಮೂರು ವಾರ ತಡ. ಹಾಗಾಗಿ ಅಂಗೈಯಗಲಕ್ಕಿಂತ ದೊಡ್ಡ ಹೂ ಬಿಡುವವನ್ನು ಮೇ ಕೊನೆಗೆ, ರೋಹಿಣಿ ಮಳೆಯಲ್ಲಿ ನೆಡಬೇಕು. ಚೆಂಡಿನಂಥ ಸಣ್ಣ ಪಾಂಪಾನ್ ಜಾತಿಗೆ ಮೃಗಶಿರ ಮಳೆಯವರೆಗೂ ಅವಕಾಶವಿದೆ.

ಗಡ್ಡೆಗೆ ಕಣ್ಣಿರಬೇಕು. ಡೇರೆ ಗಡ್ಡೆಯ ಕಣ್ಣು ಆಲೂಗಡ್ಡೆಯಂತೆ ಮೈತುಂಬ ಇರುವುದಿಲ್ಲ, ಹಳೆಯ ಕಾಂಡಕ್ಕೆ ಅಂಟಿಕೊಂಡ ಕುತ್ತಿಗೆಯ ಬುಡದಲ್ಲಿ ಮಾತ್ರ ಇರುತ್ತದೆ. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಪ್ಪವಿದ್ದರೂ ಚಿಗುರುವುದಿಲ್ಲ. 12 ಇಂಚಿನ ಕುಂಡಕ್ಕೆ ಒಂದೇ ಗಡ್ಡೆ ಸಾಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ. ಮಳೆಗೆ ಸಾರ ತೊಳೆದುಹೋಗಿ ಹುಳಿಯಾದ ಮಣ್ಣು ನಮ್ಮದು. ಸುಣ್ಣ ಸೇರಿಸುವುದಾದರೆ ಗೊಬ್ಬರ ಬೆರೆಸುವುದಕ್ಕೆ ಹದಿನೈದು ದಿನ ಮೊದಲೇ ಮಣ್ಣಿಗೆ ಸೇರಿಸಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಕುಂಡದ ತಳದ ತೂತಿನ ಮೇಲೆ ಹೆಂಚಿನ ಚೂರು ಬೋರಲಿಟ್ಟು, ಅರ್ಧ ಮಣ್ಣು ತುಂಬಿ, ಗಡ್ಡೆಯನ್ನು ಅಡ್ಡ ಮಲಗಿಸಿ ಕಣ್ಣು ಮೇಲೆ ಬರುವಂತೆ ಇಟ್ಟು, ಎರಡು ಇಂಚು ಮಣ್ಣು ಮುಚ್ಚಿದರಾಯಿತು. ಉಳಿದ ಮಣ್ಣನ್ನು ಚಿಗುರು ಏರಿದಂತೆ ಏರಿಸಬೇಕು. ಆಸರೆಯ ಕೋಲನ್ನು ಗಡ್ಡೆ ಇಡುವಾಗಲೇ ನೆಡಬೇಕು. ಗಿಡ ಬಾಗಿದ ಮೇಲೆ ನೆಟ್ಟರೆ ಕೋಲು ಗಡ್ಡೆಗೆ ಚುಚ್ಚಿ, ಗಾಯದಿಂದ ಕೊಳೆ ಹತ್ತುತ್ತದೆ. ಚಿಗುರು ಕಾಣುವ ತನಕ ನೀರು ಬೇಡ. ಕುಂಡ ಸೂರಿನಡಿ ಇರಲಿ, ಆದರೆ ಹಂಚಿನ ನೀರು ಸುರಿಯುವ ಸಾಲಿನಲ್ಲಿ ಬೇಡ.

ನಾಲ್ಕು ಜೊತೆ ಎಲೆ ಬಂದಾಗ, ಅಂದರೆ ಜುಲೈ ಮೊದಲ ವಾರದ ಹೊತ್ತಿಗೆ, ನಡುವಿನ ಕುಡಿ ಚಿವುಟಬೇಕು. ದೊಡ್ಡ ಹೂ ಬೇಕಿದ್ದರೆ ಮೂರು ನಾಲ್ಕು ಕವಲು ಉಳಿಸಿ ಮಿಕ್ಕದ್ದನ್ನು ತೆಗೆಯುವುದು ಒಳ್ಳೆಯದು. ಮೊಗ್ಗು ಬರುವುದು ಮೂರು ಮೂರಾಗಿ. ನಡುವಿನದನ್ನು ಉಳಿಸಿ ಅಕ್ಕಪಕ್ಕದ ಎರಡನ್ನು ಬಟಾಣಿ ಗಾತ್ರಕ್ಕೆ ಬಂದಾಗಲೇ ಮುರಿಯಬೇಕು. ಬಟಾಣಿ ಗಾತ್ರದ ಮೊಗ್ಗು ಪೂರ್ತಿ ಅರಳಲು ಸಣ್ಣ ಜಾತಿಗೆ ಮೂರು ವಾರ, ದೊಡ್ಡದಕ್ಕೆ ನಾಲ್ಕು ವಾರದ ಮೇಲೆ ಹಿಡಿಯುತ್ತದೆ. ಹೀಗಾಗಿ ಆಗಸ್ಟ್ ಕೊನೆಯ ವಾರದ ಮೊಗ್ಗು ನೋಡಿದರೆ ಪ್ರದರ್ಶನಕ್ಕೆ ಯಾವ ಹೂ ಒದಗುತ್ತದೆ, ಯಾವುದು ಒದಗುವುದಿಲ್ಲ ಎಂದು ಹೇಳಿಬಿಡಬಹುದು. ಮೊಗ್ಗು ಕಂಡ ಮೇಲೆ ಯೂರಿಯಾ ಹಾಕಲೇಬಾರದು. ಎಲೆ ಸೊಂಪಾಗಿ, ತೊಟ್ಟು ಮೆತ್ತಗಾಗಿ, ಹೂ ಕತ್ತು ಬಾಗಿಸುತ್ತದೆ. ಆಗ ಬೇಕಾದದ್ದು ಪೊಟ್ಯಾಷ್. ಒಲೆಯ ಬೂದಿ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಹಾಕಿದರೂ ನಡೆಯುತ್ತದೆ. ಎಳೆ ಚಿಗುರಿಗೆ ದೊಡ್ಡ ಶತ್ರು ಬಸವನಹುಳು. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಖಾತ್ರಿಯ ದಾರಿ, ಜಡಿಮಳೆಯಲ್ಲಿ ಸುಣ್ಣದ ಗೆರೆ ಒಂದು ರಾತ್ರಿಯೂ ನಿಲ್ಲುವುದಿಲ್ಲ. ಬೂದಿ ರೋಗದ ಮೊದಲ ಚುಕ್ಕೆ ಕಂಡಾಗಲೇ ನೀರಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ, ಮೋಡವಿದ್ದರೂ ಮಳೆಯಿಲ್ಲದ ಹೊತ್ತಿನಲ್ಲಿ ಎಲೆಯ ಎರಡೂ ಬದಿಗೆ ಸಿಂಪಡಿಸಬೇಕು.

ಇನ್ನು ಉದ್ಯಾನದ ಕೆಲಸ. ಲಾಲ್‌ಬಾಗಿನಲ್ಲಿ ಆಗಸ್ಟ್ ಮಳೆಯಲ್ಲೂ ಹೂ ಕೆಡದೆ ಇರುವುದು ಗಾಜಿನಮನೆಯ ದೆಸೆಯಿಂದ. ಇಲ್ಲಿ ಅಂಥ ದುಬಾರಿ ಕಟ್ಟಡ ಬೇಕಿಲ್ಲ, ಸರಿಯಾದ ಚಪ್ಪರ ಸಾಕು. ಆದರೆ ಮದುವೆ ಶಾಮಿಯಾನ ಹಾಕಿದರೆ ಕೆಲಸ ಕೆಟ್ಟಿತು. ಬಣ್ಣದ ಬಟ್ಟೆಯಡಿ ಹೂವಿನ ನಿಜ ಬಣ್ಣ ಕಾಣುವುದಿಲ್ಲ, ಮಳೆ ಬಂದರೆ ನಡುವೆ ನೀರು ತುಂಬಿ ಜೋಲುತ್ತದೆ. ಪಾಲಿಹೌಸಿಗೆ ಬಳಸುವ 200 ಮೈಕ್ರಾನಿನ ಹಾಲುಬಿಳುಪಿನ ಹಾಳೆ ಬೇಕು. ನಡುವೆ 12 ಅಡಿ, ಅಂಚಿಗೆ 8 ಅಡಿ ಎತ್ತರ, ಎರಡೂ ಕಡೆ ಇಳಿಜಾರು, ನೀರು ಬೀಳುವಲ್ಲಿ ಚರಂಡಿ. ಬದಿಗಳನ್ನು ಮುಚ್ಚಬಾರದು. ಗಾಳಿಯಾಡದಿದ್ದರೆ ಜನರ ಬಿಸಿಯುಸಿರಿಗೆ ತೇವ ಏರಿ, ಎಸಳಿನ ಮೇಲೆ ಕಂದು ಚುಕ್ಕೆ ಮೂಡಿ, ಎರಡನೆಯ ದಿನ ಬೂಷ್ಟು ಹಿಡಿಯುತ್ತದೆ. ಕುಂಡ ಇಡಲು ಅಡಿಕೆ ದಬ್ಬೆಯ ಅಟ್ಟಣಿಗೆ ನಮ್ಮಲ್ಲೇ ಅಗ್ಗಕ್ಕೆ ಆಗುತ್ತದೆ. ಮೂರು ಮೆಟ್ಟಿಲು, ಕೆಳಗಿನದು ಒಂದೂವರೆ ಅಡಿ. ಮಕ್ಕಳ ಕಣ್ಣಿಗೂ ಹೂ ಎಟುಕುತ್ತದೆ.

ಕೊಯ್ದ ಹೂವಿನ ವಿಭಾಗದಲ್ಲಿ ಒಂದು ಎಚ್ಚರ ಅಗತ್ಯ. ಗುಲಾಬಿ, ಸೇವಂತಿಗೆಯಂತೆ ಡೇರೆಯನ್ನು ಹಸಿರು ಸ್ಪಂಜಿಗೆ ಚುಚ್ಚಿ ಆನೆ, ನವಿಲು ಮಾಡಲಾಗದು. ಅದರ ಕಾಂಡ ಪೊಳ್ಳು, ಚುಚ್ಚುವಾಗಲೇ ಸೀಳುತ್ತದೆ. ನೀರು ತುಂಬಿದ ಬಿದಿರಿನ ಅಂಡೆಯೋ ಗಾಜಿನ ಸೀಸೆಯೋ ಆಗಬೇಕು, ಒಂದಕ್ಕೆ ಒಂದೇ ಹೂ. ಸ್ಪಂಜು ಮಣ್ಣಲ್ಲಿ ಕರಗದ ಪ್ಲಾಸ್ಟಿಕ್, ಉದ್ಯಾನದೊಳಕ್ಕೆ ಅದು ಬಾರದಿದ್ದರೆ ಇನ್ನೂ ಒಳ್ಳೆಯದು. ಡೇರೆ ಮೊಗ್ಗನ್ನು ಕೊಯ್ದರೆ ನೀರಿನಲ್ಲಿ ಅರಳುವುದಿಲ್ಲ, ಮುಕ್ಕಾಲಿಗೂ ಮೇಲೆ ಅರಳಿದ್ದನ್ನೇ ಬೆಳಗಿನ ಜಾವ ಓರೆಯಾಗಿ ಕೊಯ್ಯಬೇಕು. ಕೊಯ್ದ ತೊಟ್ಟಿನ ಎರಡು ಇಂಚನ್ನು ಕೈ ತಾಳದಷ್ಟು ಬಿಸಿಯ, ಆದರೆ ಕುದಿಯದ ನೀರಿನಲ್ಲಿಟ್ಟು ಅದು ಆರುವ ತನಕ ಬಿಟ್ಟರೆ ಹೂ ಮೂರು ನಾಲ್ಕು ದಿನ ತಡೆಯುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆಯಿಂದ ತರುವವರು ಬಕೆಟಿನ ಬಾಯಿಗೆ ಕೋಳಿಬಲೆ ಕಟ್ಟಿ, ಒಂದೊಂದು ಕಣ್ಣಿಗೆ ಒಂದೊಂದು ಹೂ ಇಳಿಬಿಟ್ಟರೆ ಅಂಕುಡೊಂಕು ರಸ್ತೆಯ ಕುಲುಕಾಟಕ್ಕೂ ಎಸಳು ಉಜ್ಜುವುದಿಲ್ಲ.

ಬಹುಮಾನಕ್ಕೆ ಕುಂಡ, ಕೊಯ್ದ ಹೂ ಎಂಬ ಎರಡೇ ವಿಭಾಗ ಮಾಡಿದರೆ ತಟ್ಟೆಯಗಲದ ಹೂವಿನ ಮುಂದೆ ಪಾಂಪಾನ್ ಯಾವತ್ತೂ ಗೆಲ್ಲದು. ಗಾತ್ರಕ್ಕೆ ಅನುಗುಣವಾಗಿ 2 ಇಂಚಿನೊಳಗೆ, 2ರಿಂದ 4, 4ರಿಂದ 8, 8ರ ಮೇಲೆ ಎಂದೂ, ರೂಪಕ್ಕೆ ಅನುಗುಣವಾಗಿ ಒಂಟಿ ಸುತ್ತಿನದು, ಚಪ್ಪಟೆ ಎಸಳಿನದು, ಸುರುಳಿ ಎಸಳಿನ ಕ್ಯಾಕ್ಟಸ್, ಚೆಂಡು ಎಂದೂ ವಿಂಗಡಿಸಬೇಕು. ತೀರ್ಪುಗಾರರು ಗಾತ್ರವೊಂದನ್ನೇ ಅಳೆಯದೆ ಹೂ ತಿರುಗಿಸಿ ಹಿಂಭಾಗ ನೋಡಲಿ. ಹಿಂದಿನ ಎಸಳು ಕಂದಿದ್ದರೆ ಹೂ ಹಳತು. ಹಲವು ಸುತ್ತು ಎಸಳಿನ ಹೂವಿನ ನಡುವೆ ಹಳದಿ ಕಣ್ಣು ಕಂಡರೆ ಅದರ ಹೊತ್ತು ಮೀರಿದೆ. ಬೆಳೆಸಿದವರ ಹೆಸರು ತೀರ್ಪಿನ ತನಕ ಮುಚ್ಚಿರಲಿ, ತೀರ್ಪಿನ ನಂತರ ದೊಡ್ಡಕ್ಷರದಲ್ಲಿ ಇರಲಿ. ಡೇರೆ ಬೆಳೆಸುವವರಲ್ಲಿ ಹೆಚ್ಚಿನವರು ಮನೆಯ ಹೆಂಗಸರು, ಅವರ ಈ ವಿದ್ಯೆಗೆ ಸಾರ್ವಜನಿಕ ಮನ್ನಣೆ ಸಿಕ್ಕಿದ್ದು ತೀರಾ ಕಡಿಮೆ.

ಈ ಪ್ರದರ್ಶನ ಜನವರಿಯದ್ದಕ್ಕೂ ಬಲ ಕೊಡುತ್ತದೆ. ಸೆಪ್ಟೆಂಬರಿನಲ್ಲಿ ಹೂ ಮೆಚ್ಚಿದವರು ಅಲ್ಲೇ ಒಂದು ಪುಸ್ತಕದಲ್ಲಿ ಬೇಡಿಕೆ ಬರೆಸಲಿ. ಡಿಸೆಂಬರಿನಲ್ಲಿ ಗಿಡ ಒಣಗಿದ ಮೇಲೆ ಎತ್ತಿದ ಗಡ್ಡೆಯನ್ನು ಜನವರಿಯ ಮಳಿಗೆಯಲ್ಲಿ, ಹೂವಿನ ಚಿತ್ರವಿರುವ ಚೀಟಿ ಕಟ್ಟಿ ಕೊಡಲಿ. ಬೀಜ ಹಂಚಿ ಪ್ರಯೋಜನವಿಲ್ಲ. ಡೇರೆಯ ಒಂದೊಂದು ಬಗೆಯ ವರ್ಣತಂತುವಿಗೂ ಎಂಟೆಂಟು ಪ್ರತಿ ಇರುವುದರಿಂದ ಬೀಜದ ಗಿಡ ತಾಯಿಯನ್ನು ಹೋಲುವುದಿಲ್ಲ, ಅದೇ ಹೂ ಬೇಕಾದರೆ ಗಡ್ಡೆಯೋ ಕುಡಿಯೋ ಆಗಬೇಕು. ಗಡ್ಡೆಯ ಜೊತೆ ರೋಗವೂ ಊರೂರಿಗೆ ಹೋಗುತ್ತದೆ ಎಂಬುದೇ ಇಲ್ಲಿ ನಿಜವಾದ ಅಪಾಯ. ಎಲೆಯ ನರದ ಗುಂಟ ಹಳದಿ ಪಟ್ಟಿ, ಕುಳ್ಳಾದ ಗಿಡ, ಮುದುಡಿದ ಎಲೆ ಕಂಡರೆ ಅದು ಮೊಸಾಯಿಕ್ ನಂಜು, ಅದಕ್ಕೆ ಔಷಧಿಯಿಲ್ಲ. ಅಂಥ ಗಿಡವನ್ನು ಸೆಪ್ಟೆಂಬರಿನಲ್ಲೇ ಗುರುತಿಸಿ ಗಡ್ಡೆ ಸಮೇತ ಸುಡಬೇಕು. ಗಡ್ಡೆ ಸೀಳುವ ಚಾಕುವನ್ನು ಒಂದೊಂದು ಗಿಡಕ್ಕೂ ಬ್ಲೀಚ್ ನೀರಿನಲ್ಲಿ ಅದ್ದಬೇಕು. ಈ ತರಬೇತಿಗೆ ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದವರು ಮುಂದೆ ಬಂದರೆ ಬೆಳೆಗಾರರಿಗೆ ದೊಡ್ಡ ಉಪಕಾರ. ಮನೆಗೆ ಒಯ್ದ ಗಡ್ಡೆಯನ್ನು ಒಣ ಮರಳಿನಲ್ಲೋ ತೆಂಗಿನ ನಾರಿನ ಪುಡಿಯಲ್ಲೋ ಹುಗಿದು ನೆರಳಲ್ಲಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವತು ಕೊಳೆಯುತ್ತದೆ, ಬರಿ ನೆಲದ ಮೇಲೆ ಬಿಟ್ಟರೆ ಸುಕ್ಕಿ ಸಾಯುತ್ತದೆ.

ಉದ್ಯಾನದಲ್ಲಿ ಬೇರೆ ಋತುವಿಗೂ ಇಂಥ ಸಣ್ಣ ಪ್ರದರ್ಶನಗಳು ನಡೆಯಬಹುದು. ಬೇಸಿಗೆ ಮೊದಲಿಗೆ ಉಪ್ಪಿನಕಾಯಿಯ ಮಾವು ಅಪ್ಪೆಮಿಡಿ, ಮೇ–ಜೂನಿನಲ್ಲಿ ಹಲಸು. ಮುಂಗಾರಿನ ಹೊಸ್ತಿಲಲ್ಲಿ ಮರದ ಕೊಂಬೆಯ ಮೇಲೆ ಬೆಳೆಯುವ ಆರ್ಕಿಡ್ ಹೂ ಸೀತಾಳೆ ದಂಡೆ. ಆದರೆ ಸೀತಾಳೆಯನ್ನು ಕಾಡಿನಿಂದ ಕಿತ್ತು ತಂದು ಮೇಜಿನ ಮೇಲಿಡುವ ಸ್ಪರ್ಧೆ ಖಂಡಿತ ಬೇಡ, ಅದು ಕಾನೂನಿಗೂ ವಿರುದ್ಧ. ಗಾಳಿಗೆ ಮುರಿದ ಕೊಂಬೆಯೊಂದಿಗೆ ರಸ್ತೆಗೆ ಬಿದ್ದ ಗಿಡಗಳನ್ನು ಅರಣ್ಯ ಇಲಾಖೆಯ ಒಪ್ಪಿಗೆಯಿಂದ ಉದ್ಯಾನದ ಹಲಸು, ಮಾವಿನ ಮರಗಳಿಗೆ ಜೂನ್ ಮೊದಲ ವಾರ ತೆಂಗಿನ ಹಗ್ಗದಿಂದ ಕಟ್ಟಬಹುದು. ಬೇರು ತೊಗಟೆಗೆ ತಾಗಿರಬೇಕು, ಮಣ್ಣು ಗೊಬ್ಬರ ಮೆತ್ತಬಾರದು. ಮಳೆಗಾಲ ಮುಗಿಯುವಷ್ಟರಲ್ಲಿ ಬೇರು ಕಚ್ಚಿಕೊಂಡರೆ ಮುಂದಿನ ವರ್ಷಗಳಲ್ಲಿ ಹೂವನ್ನು ಮರದ ಮೇಲೆಯೇ ನೋಡಬಹುದು.

ಸೆಪ್ಟೆಂಬರಿಗೆ ಪ್ರದರ್ಶನವೆಂದು ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿದರೆ ಯಾರಿಗೂ ಗಿಡ ಸಿದ್ಧವಿರುವುದಿಲ್ಲ. ದಿನಾಂಕ, ವಿಭಾಗ, ನಿಯಮಗಳೆಲ್ಲ ಏಪ್ರಿಲ್ ಕೊನೆಯೊಳಗೆ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳ ಫಲಕಕ್ಕೆ, ಸ್ತ್ರೀಶಕ್ತಿ ಸಂಘಗಳಿಗೆ ತಲುಪಬೇಕು. ನೆಡುವ ಹೊತ್ತಿಗೆ ಮೇ ಕೊನೆಯಲ್ಲಿ ಹೆಸರು ನೋಂದಣಿಯಾಗಲಿ, ಆಗಸ್ಟ್ ಕೊನೆಗೆ ಮೊಗ್ಗು ನೋಡಿ ಕುಂಡಗಳ ಸಂಖ್ಯೆ ಖಚಿತಪಡಿಸಲಿ. ಚಪ್ಪರ ಎಷ್ಟು ಉದ್ದ ಬೇಕೆಂಬುದು ಆಗ ಗೊತ್ತಾಗುತ್ತದೆ.

— ಡೇರೆ ಬೆಳೆಗಾರರು, ಸಾಗರ ತಾಲ್ಲೂಕು