ಹತ್ತನೇ ತರಗತಿ ಪೋಷಕರಿಗೆ: ಎಣ್ಣಿ (ಬೆಳೆಗೆ ಹೊಡೆಯುವ ಔಷಧ) ಕಲಸುವಾಗ ಮಕ್ಕಳನ್ನೂ ಕರೆಯಿರಿ

ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ

ಪೋಷಕರೆ, ನಮಸ್ಕಾರ.

ದ್ರಾಕ್ಷಿಯ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ನೀವೆಲ್ಲ ತೋಟದ ಕೆಲಸದಲ್ಲಿದ್ದೀರಿ, ಗೊತ್ತು. ಆದರೂ ಐದು ನಿಮಿಷ ಇದನ್ನು ಓದಿ. ಓದಲು ಬಾರದಿದ್ದರೆ ಮಗನ ಕೈಲೋ ಮಗಳ ಕೈಲೋ ಓದಿಸಿ ಕೇಳಿ.

ವಿಜ್ಞಾನದ ಮೊದಲ ಪಾಠ ರಾಸಾಯನಿಕ ಕ್ರಿಯೆಗಳದ್ದು. ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ ಅಂತ ಅದರಲ್ಲಿ ಬಗೆಗಳಿವೆ. ಮಕ್ಕಳು ಹೆಸರುಗಳನ್ನು ಪಟಪಟ ಹೇಳುತ್ತಾರೆ. ಕಿರುಪರೀಕ್ಷೆಯಲ್ಲಿ ಒಂದು ಸಮೀಕರಣ ಕೊಟ್ಟು ಇದು ಯಾವ ಬಗೆ ಅಂದರೆ ಬಹಳ ಮಕ್ಕಳು ತಡವರಿಸಿದರು. ಕೊನೆಯ ಎರಡರಲ್ಲಂತೂ ಗೊಂದಲ ಜಾಸ್ತಿ. ಸುಮ್ನೆ ಬಾಯಿಪಾಠ ಮಾಡಿದರೆ ಹೀಗೇ ಆಗುತ್ತದೆ.

ಹೋದ ವಾರ ಪ್ರಯೋಗಾಲಯದಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿಗೆ ಕಬ್ಬಿಣದ ಮೊಳೆ ಹಾಕಿಟ್ಟೆವು. ಇಪ್ಪತ್ತು ನಿಮಿಷಕ್ಕೆ ನೀಲಿ ಬಣ್ಣ ಮಾಸಿತು, ಮೊಳೆಗೆ ಕಂದುಗೆಂಪು ತಾಮ್ರ ಹತ್ತಿತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ನಮ್ಮಪ್ಪ ಎಣ್ಣಿ ಕಲಸಿದ ಮ್ಯಾಲೆ ಕುಡಗೋಲು ಅದ್ದಿ ನೋಡ್ತಾನ್ರಿ. ಅದೂ ಇದ ಏನ್ರಿ?" ಅಂದ.

ಹೌದು, ಅದೂ ಇದೇ. ನನಗೆ ಆ ದಿನವಿಡೀ ಖುಷಿ. ಈ ಪತ್ರ ಬರೆಯಬೇಕು ಅನಿಸಿದ್ದೂ ಆಗಲೇ.

ದ್ರಾಕ್ಷಿಗೆ ಬರುವ ಡೌನಿ ಎಂಬ ಬೂಜು ರೋಗಕ್ಕೆ ನೀವು ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿ. ಫ್ರಾನ್ಸ್‌ನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಔಷಧ ಅದು. ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದರ ವಿವರ ಪ್ರಕಟಿಸಿದರು. ಪಾಠದ ನಾಲ್ಕೂ ಬಗೆ ಅದರ ಬೆನ್ನಿಗೇ ಇವೆ.

ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಸುಟ್ಟ ಸುಣ್ಣ ಉಳಿದು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ನೂರು ಕಿಲೋ ಶುದ್ಧ ಕಲ್ಲು ಸುಟ್ಟರೆ ಸಿಗುವುದು 56 ಕಿಲೋ ಸುಣ್ಣ, ಮಿಕ್ಕ 44 ಕಿಲೋ ಗಾಳಿಪಾಲು. ಒಂದು ಒಡೆದು ಎರಡಾಯಿತು, ಅದು ವಿಭಜನೆ. ಆ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದಲ್ಲ, ಅದು ಸಂಯೋಗ. ಎರಡು ಸೇರಿ ಒಂದಾಯಿತು, ಜೊತೆಗೆ ಶಾಖ ಬಂತು. ಸುಣ್ಣದ ನೀರು ಆರಿದ ಮೇಲೆ ಮೈಲುತುತ್ತದ ನೀರು ಹೊಯ್ದರೆ ಆಕಾಶದ ಬಣ್ಣದ ಗಟ್ಟಿ ದ್ರಾವಣ ಬರುತ್ತದೆ. ತಾಮ್ರವೂ ಕ್ಯಾಲ್ಸಿಯಂ ಕೂಡ ತಮ್ಮ ತಮ್ಮ ಜೋಡಿ ಬದಲಿಸಿಕೊಂಡಿವೆ. ಅದು ದ್ವಿಸ್ಥಾನಪಲ್ಲಟ.

ಇನ್ನು ಕುಡಗೋಲು. ಸುಣ್ಣ ಕಡಿಮೆ ಬಿದ್ದರೆ ಮೈಲುತುತ್ತ ಸ್ವಲ್ಪ ಹಾಗೇ ಉಳಿದಿರುತ್ತದೆ. ಕಬ್ಬಿಣ ತಾಮ್ರಕ್ಕಿಂತ ಚುರುಕು. ಅದು ದ್ರಾವಣಕ್ಕಿಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ, ಆ ತಾಮ್ರ ಅಲಗಿಗೆ ಕೆಂಪಗೆ ಅಂಟುತ್ತದೆ. ಇಲ್ಲಿ ಜಾಗ ಕಳೆದುಕೊಂಡದ್ದು ತಾಮ್ರ ಒಂದೇ. ಅದಕ್ಕೇ ಇದು ಬರೀ ಸ್ಥಾನಪಲ್ಲಟ, 'ದ್ವಿ' ಅಲ್ಲ. ಅಲಗು ಕೆಂಪಾದರೆ ನೀವು ಇನ್ನಷ್ಟು ಸುಣ್ಣ ಹಾಕುತ್ತೀರಿ, ಇಲ್ಲದಿದ್ದರೆ ಎಲೆ ಸುಡುತ್ತದೆ ಅಂತ ನಿಮಗೆ ಗೊತ್ತು. ಕಬ್ಬಿಣದ ಬಕೆಟ್ ಬಿಟ್ಟು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸುವುದೂ ಇದೇ ಕಾರಣಕ್ಕೆ.

ಹಾಗಾಗಿ ನನ್ನದೊಂದು ಕೋರಿಕೆ. ಮುಂದಿನ ಸಲ ಎಣ್ಣಿ ಕಲಸುವಾಗ ಮಕ್ಕಳನ್ನು ಕರೆದು ದೂರ ನಿಲ್ಲಿಸಿ ತೋರಿಸಿ. "ಈಗ ಏನಾತು, ಯಾಕಾತು?" ಅಂತ ಕೇಳಿ. ಉತ್ತರ ತಪ್ಪಿದರೆ ಬೈಯಬೇಡಿ, ನಾಳೆ ಶಾಲೆಯಲ್ಲಿ ಕೇಳಿಕೊಂಡು ಬಾ ಅನ್ನಿ. ಆದರೆ ಕಲಸಲು, ಹೊಡೆಯಲು ಅವರನ್ನು ಹಚ್ಚಬೇಡಿ. ಅರಳುವ ಸುಣ್ಣದ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೇ ಅಪಾಯ. ಮೈಲುತುತ್ತ ವಿಷ, ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಹಾಗೇನಾದರೂ ಕಣ್ಣಿಗೆ ಸಿಡಿದರೆ ಉಜ್ಜದೆ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಿ, ತಡ ಮಾಡದೆ ದವಾಖಾನೆಗೆ ಕರೆದೊಯ್ಯಿರಿ.

ತೋಟ ಇಲ್ಲದ ಮನೆಗಳ ಮಕ್ಕಳೂ ಇದನ್ನು ನೋಡಬೇಕು. ಅದಕ್ಕೆ ಬರುವ ಶನಿವಾರ ಶಾಲೆಯ ಅಂಗಳದಲ್ಲೇ ಹತ್ತು ಲೀಟರಿನಷ್ಟು ಬೋರ್ಡೋ ಕಲಸೋಣ ಅಂದುಕೊಂಡಿದ್ದೇವೆ. ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ ನಾವು ತರುತ್ತೇವೆ. ಕೈ ಪಳಗಿದವರು ನೀವು, ನಿಮ್ಮಲ್ಲಿ ಒಬ್ಬರು ಬಂದು ಕಲಸಿ ತೋರಿಸಬೇಕು. ಬರುವಾಗ ಒಂದು ಕುಡಗೋಲು ತನ್ನಿ.

ನಿಮ್ಮ,
ಮುಖ್ಯ ಗುರುಗಳು